ಹನ್ನೊಂದು ಸೆಕೆಂಡಿನ ಇಳಿತ

ಕುಮಟಾ
ಭಾನುವಾರ ರಾತ್ರಿ

ಪ್ರೀತಿಯ ಕೂಸೇ,

ನಿನ್ನೆ ನಿನ್ನ ಶಾಲೆಯ ಗ್ಯಾದರಿಂಗಿಗೆ ನಾನು ಬರಲಿಲ್ಲ. ಯಕ್ಷಗಾನದ ಕೇದಗೆ ಮುಂದಲೆ ತಲೆಗೆ ಕಟ್ಟಿಕೊಂಡು ಅಭಿಮನ್ಯುವಾಗಿ ರಂಗಕ್ಕೆ ಬಂದವಳು ಒಂದು ಸುತ್ತು ಕುಣಿದು ನಿಂತು, ಜನರ ನಡುವೆ ನನ್ನನ್ನು ಹುಡುಕಿದೆ ಅಂತ ಅಪ್ಪ ಹೇಳಿದರು. ಆಮೇಲೆ ಫೋನಿನಲ್ಲಿ "ಅಡ್ಡಿಲ್ಲ ಆಯಿ" ಅಂದೆ. ನಿನ್ನ ದನಿ ನನಗೆ ಗೊತ್ತಿಲ್ಲವೇ? ಹಾಸ್ಟೆಲಿನ ಫೋನಿನಲ್ಲಿ ಐದು ನಿಮಿಷ ಮಾತಾಡುವುದರೊಳಗೆ ನಿನ್ನ ಹಿಂದೆ ಹತ್ತು ಮಕ್ಕಳು ಸರದಿ ನಿಂತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಾರದೇ ಉಳಿದದ್ದು ಹನ್ನೊಂದು ಸೆಕೆಂಡಿನ ನೀರಿಗಾಗಿ. ಆ ನೀರನ್ನು ಮೊದಲು ಕೇಳಿದವಳು ನೀನೇ.

ದಸರಾ ರಜೆಯಲ್ಲಿ ನನ್ನ ಪಕ್ಕ ಕೂತು, ನಾನು ಹಿನ್ನೆಲೆ ಚಿತ್ರ ಬರೆಯುವ ಮಕ್ಕಳ ಕಾರ್ಟೂನಿನ ಒಂಬತ್ತನೇ ಕಂತು ನೋಡಿದ್ದೆ, ನೆನಪಿದೆಯಾ? ಅಜ್ಜಿ ಮೊಮ್ಮಗಳು ಹೊಳೆಗೆ ಬೆಳಚು ಚಿಪ್ಪು ಹೆಕ್ಕಲು ಹೋಗುವ ಕತೆ. ಒಂದು ಶಾಟಿನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಸೊಂಟದವರೆಗೆ ನೀರು. ಅಜ್ಜಿ ಬುಟ್ಟಿ ಕೆಳಗಿಡುತ್ತಾಳೆ, ಮರುಶಾಟಿನಲ್ಲಿ ಗಿಡದ ಬೇರುಗಳೆಲ್ಲ ಬರಿದು, ಸುತ್ತ ಒಣ ಕೆಸರು. ನೀನು ಬಾಯ್ತುಂಬ ಚಿಪ್ಸು ಇಟ್ಟುಕೊಂಡು "ಆಯಿ, ನೀರು ಎಲ್ಲಿ ಹೋಯ್ತು?" ಅಂದೆ. ನನ್ನ ಎದೆ ಧಸಕ್ಕೆಂದಿತು. ಎರಡೂ ಹಿನ್ನೆಲೆ ಬರೆದದ್ದು ನಾನೇ.

ಅದು ಹೇಗಾಯಿತು ಅಂತ ಹೇಳಬೇಕಾದರೆ ಕೆಲಸ ನಡೆಯುವ ರೀತಿ ಸ್ವಲ್ಪ ಹೇಳಬೇಕು. ಈ ಸೀಸನ್ನಿಗೆ 26 ಕಂತು, ಒಂದೊಂದು 11 ನಿಮಿಷ. ಒಟ್ಟು 286 ನಿಮಿಷ, ಐದು ಗಂಟೆಗೂ ಕಡಿಮೆ. ಹೋದ ವರ್ಷದ ಯುಗಾದಿಗೆ ಶುರು ಮಾಡಿದ್ದು ಈಗ ಮುಗಿಯುತ್ತಿದೆ. ಮೊದಲು ಕತೆ. ಕತೆಯಿಂದ ಸ್ಟೋರಿಬೋರ್ಡ್, ಅಂದರೆ ಪ್ರತಿ ಶಾಟಿಗೂ ಒಂದು ಗೀಚು ಚಿತ್ರ. ಅದರ ಹೊತ್ತಿಗೇ ದನಿ. ಚಿತ್ರ ಮಾಡಿ ಆಮೇಲೆ ಮಾತು ಸೇರಿಸುತ್ತಾರೆ ಅಂದುಕೊಂಡಿದ್ದೆ ನೀನು. ಹಾಗಲ್ಲ, ಮಾತು ಮೊದಲು, ಬಾಯಿ ಆಮೇಲೆ. ಕನ್ನಡಿ ಮುಂದೆ ನಿಂತು "ಪಾಪಮ್ಮ" ಅಂತ ಹೇಳಿ ನೋಡು. ಪಕಾರ ಮಕಾರಕ್ಕೆ ತುಟಿ ಮುಚ್ಚಲೇಬೇಕು. ಆ ಒಂದು ಫ್ರೇಮಿನಲ್ಲಿ, ಅಂದರೆ ಆ ಒಂದು ಬಿಡಿ ಚಿತ್ರದಲ್ಲಿ, ಗೊಂಬೆಯ ತುಟಿ ಮುಚ್ಚದಿದ್ದರೆ ಮಾತು ಬೇರೆ, ಬಾಯಿ ಬೇರೆ ಆಗಿಬಿಡುತ್ತದೆ. ಮೊಮ್ಮಗಳಿಗೆ ದನಿ ಕೊಟ್ಟ ಹುಡುಗಿಗೆ ಅರ್ಧ ಸೀಸನ್ನಿನಲ್ಲಿ ಮುಂದಿನ ಹಾಲುಹಲ್ಲು ಬಿದ್ದು ಸಕಾರವೆಲ್ಲ ಸೀಟಿಯಾಯಿತು. ಕತೆ ಬರೆಯುವವರು ಮೊಮ್ಮಗಳ ಹಲ್ಲನ್ನೂ ಬೀಳಿಸಿದರು. ನನಗೆ ಅದು ತುಂಬ ಇಷ್ಟವಾಯಿತು.

ಟಿವಿಗೆ ಸೆಕೆಂಡಿಗೆ 25 ಫ್ರೇಮು. ಒಂದು ಕಂತಿಗೆ 16,500. ಪ್ರತಿಯೊಂದನ್ನೂ ಹೊಸದಾಗಿ ಬರೆಯುತ್ತಾ ಕೂತರೆ ಮುಗಿಯುವುದಲ್ಲ. ಅದಕ್ಕೆ ಪಾತ್ರಗಳನ್ನು ತೊಗಲುಗೊಂಬೆಯ ಹಾಗೆ ಕಟ್ಟಿಕೊಳ್ಳುತ್ತಾರೆ. ತಲೆ, ತೋಳು, ಮುಂಗೈ ಬಿಡಿಬಿಡಿ, ಕೀಲಿನಲ್ಲಿ ಜೋಡಣೆ. ಹಿನ್ನೆಲೆಗೂ ಪದರ ಪದರ. ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೀಯಲ್ಲ, ಹತ್ತಿರದ ಮರ ಸರ್ರನೆ ಹಿಂದೋಡುತ್ತದೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತದೆ. ಅದೇ ಲೆಕ್ಕದಲ್ಲಿ ಕಾಂಡ್ಲಾ ಒಂದು ಪದರ, ನೀರು ಒಂದು, ಗುಡ್ಡ ಒಂದು, ಆಕಾಶ ಒಂದು. ಹೀಗೆ ಬರೆದಿಟ್ಟದ್ದನ್ನು ಇನ್ನೊಂದು ಕಂತಿಗೂ ಬಳಸುತ್ತಾರೆ. ಆ ತುಂಬುನೀರಿನ ಹೊಳೆ ನಾನು ಮೂರನೇ ಕಂತಿನ ದೋಣಿಗಾಗಿ ಬರೆದದ್ದು. ಒಂಬತ್ತರಲ್ಲಿ ಅದನ್ನೇ ತಂದು ಕೂರಿಸಿದ್ದರು. ಕೂರಿಸಿದಾಗ ನಾನೂ ನೋಡಿದ್ದೆ, ನೋಡಿಯೂ ಕಾಣಲಿಲ್ಲ.

ಕಾರ್ಟೂನು ಮಾಡುವ ಬೆಂಗಳೂರಿನವರಿಗೆ ಫೋನ್ ಮಾಡಿ ಹೇಳಿದೆ. "ಬಿಡಿ ಮೇಡಂ, ಮಕ್ಕಳಿಗೆ ಅದೆಲ್ಲ ಗೊತ್ತಾಗಲ್ಲ" ಅಂದರು. ಆ ಮಾತು ನನಗೆ ಎರಡು ತಿಂಗಳು ಚುಚ್ಚುತ್ತಾ ಇತ್ತು. ನನ್ನ ಮಗಳಿಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಗೊತ್ತಾಗದ ಮಕ್ಕಳ ವಿಷಯವೇ ನನಗೆ ಇನ್ನೂ ಹೆಚ್ಚು. ಸಮುದ್ರದ ಭರತ ಇಳಿತಕ್ಕೆ ಹೊಳೆ ಏರಿ ಇಳಿಯುವುದನ್ನು ಎಂದೂ ನೋಡದ ಮಗು ಬೀದರಿನಲ್ಲೋ ತುಮಕೂರಿನಲ್ಲೋ ಕೂತು ನಾನು ಬರೆದದ್ದನ್ನೇ ಹೊಳೆ ಅಂತ ನಂಬುತ್ತದೆ.

ನಾನೂ ಹಾಗೇ ನಂಬಿದವಳು. ನಾನು ಸಣ್ಣವಳಿದ್ದಾಗ ಪಕ್ಕದ ಮನೆಯ ಟಿವಿಯಲ್ಲಿ 'ಏಕ್ ಅನೇಕ್ ಔರ್ ಏಕತಾ' ಬರುತ್ತಿತ್ತು. ಫಿಲ್ಮ್ಸ್ ಡಿವಿಷನ್ 1974ರಲ್ಲಿ ಹೊರತಂದದ್ದು, ವಿಜಯಾ ಮುಳೆ ನಿರ್ದೇಶಿಸಿದ್ದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಬೇಡನ ಬಲೆಯನ್ನು ಹಕ್ಕಿಗಳೆಲ್ಲ ಒಟ್ಟಿಗೇ ಎತ್ತಿಕೊಂಡು ಹಾರಿದ್ದು ನೋಡಿ, ಮರುದಿನ ದಂಡೆಗೆ ಓಡಿ ಒಣಗಲು ಹರಡಿದ್ದ ಬಲೆಯ ಅಂಚು ಹಿಡಿದು ಎತ್ತಿ ನೋಡಿದೆ. ಸೀಸದ ಗುಂಡುಗಳು ಖಣಖಣ ಅಂದವು, ಬಲೆ ಮೊಣಕಾಲಿನವರೆಗೂ ಏಳಲಿಲ್ಲ. ಎಷ್ಟು ಹಕ್ಕಿ ಬೇಕು ಅಂತ ಲೆಕ್ಕ ಹಾಕುತ್ತಾ ಮನೆಗೆ ಬಂದಿದ್ದೆ.

ಹೋದ ಸೋಮವಾರ ಆ ಒಂಬತ್ತನೇ ಕಂತನ್ನು ಬೇರೆ ಕಾರಣಕ್ಕೆ ಮತ್ತೆ ತೆರೆಯಬೇಕಾಯಿತು. ಈ ಭಾನುವಾರ ಮಧ್ಯಾಹ್ನ ಚಾನೆಲ್ಲಿಗೆ ಹೋಗಲೇಬೇಕಿತ್ತು. ಅಷ್ಟರಲ್ಲಿ ಕೊಟ್ಟರೆ ಹನ್ನೊಂದು ಸೆಕೆಂಡು ಸೇರಿಸುತ್ತೇವೆ ಅಂದರು. ಮಂಗಳವಾರ ಅಘನಾಶಿನಿಗೆ ಹೋಗಿ ತುಂಬುಹೊಳೆಯಿಂದ ಇಳಿತದವರೆಗೂ ದಂಡೆಯಲ್ಲಿ ಕೂತೆ. ಹುಟ್ಟಿದಾಗಿನಿಂದ ನೋಡಿದ ಹೊಳೆ, ಆದರೂ ಕುಂಚ ಹಿಡಿದು ನೋಡಿದ್ದು ಅದೇ ಮೊದಲು. ಮೊದಲ ಗಂಟೆ ನೀರು ಕದಲಿದ ಹಾಗೇ ಕಾಣುವುದಿಲ್ಲ. ಮೂರನೇ ಗಂಟೆಗೆ ಓಡುತ್ತದೆ. ಕೊನೆಗೆ ಮತ್ತೆ ನಿಧಾನ. ಇಳಿದು ಹೋದ ನೀರು ಬೇರಿನ ಮೇಲೆ ಕೆಸರಿನ ಗೆರೆ ಬಿಟ್ಟಿರುತ್ತದೆ, ಇಲ್ಲಿಯವರೆಗೆ ಇದ್ದೆ ಅಂತ. ನಾನು ಒಣ ಕೆಸರು ಬರೆದಿದ್ದೆನಲ್ಲ, ಅದೂ ತಪ್ಪೇ. ಹೊಸದಾಗಿ ಬಯಲಾದ ಕೆಸರು ಆಕಾಶದ ಬಣ್ಣ ಹೊತ್ತು ಹೊಳೆಯುತ್ತದೆ, ಏಡಿಯ ತೂತುಗಳು ಒಂದೊಂದಾಗಿ ಕಣ್ಣು ಬಿಡುತ್ತವೆ.

ಅದನ್ನು ಮೂರು ಹಿನ್ನೆಲೆಯಾಗಿ ಬರೆದೆ, ಒಂದು ಕರಗಿ ಇನ್ನೊಂದು ಮೂಡುವ ಹಾಗೆ, 275 ಫ್ರೇಮಿನಲ್ಲಿ. ನೀರು ಇಳಿದಂತೆ ಕಾಂಡ್ಲಾದ ನೆರಳು ಉದ್ದವಾಗಬೇಕು. ಅಜ್ಜಿಯ ಬುಟ್ಟಿ ತುಂಬಬೇಕು. ಶುಕ್ರವಾರಕ್ಕೆ ಮುಗಿಸಿ ಶನಿವಾರ ಬೆಳಗಿನ ಬಸ್ಸು ಹಿಡಿಯುವುದು ಅಂತಿತ್ತು. ಶುಕ್ರವಾರ ರಾತ್ರಿ ಎರಡನೆಯದು ಮೂರನೆಯದಕ್ಕೆ ಕೂಡಲೇ ಇಲ್ಲ, ಗುಡ್ಡದ ಅಂಚು ಒಂದು ಬೆರಳು ಜಿಗಿಯುತ್ತಿತ್ತು. ಬೆಳಿಗ್ಗೆ ಅಪ್ಪನನ್ನು ಒಬ್ಬರನ್ನೇ ಕಳಿಸಿದೆ. ನೀನು ಕುಣಿಯುತ್ತಿದ್ದ ಹೊತ್ತಿಗೆ ನಾನು ಆ ಗುಡ್ಡವನ್ನೇ ಸರಿ ಮಾಡುತ್ತಿದ್ದೆ.

ಇಂದು ಮಧ್ಯಾಹ್ನ ಕಂತು ಹೋಯಿತು. ಚೆನ್ನಾಗಿ ಬಂದಿದೆ ಕೂಸೇ, ಇದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ. ಹಾಗಂತ ನಿನ್ನ ಬೇಸರ ಹೋಗಬೇಕು ಅಂತ ನಾನು ಕೇಳುತ್ತಿಲ್ಲ. ಎರಡು ತಿಂಗಳು ಆ ಮಾತು ಎದೆಯಲ್ಲಿಟ್ಟುಕೊಂಡು ಸುಮ್ಮನಿದ್ದೆ. ಆಗಲೇ ಹಟ ಹಿಡಿದು ಬರೆದು ಕೊಟ್ಟಿದ್ದರೆ ನಿನ್ನೆ ನಿನ್ನೆದುರು ಇರುತ್ತಿದ್ದೆ. ಆ ತಪ್ಪು ನನ್ನದು.

ಸಂಕ್ರಾಂತಿಗೆ ಬಂದಾಗ ಅಭಿಮನ್ಯುವಿನ ಆ ಸುತ್ತನ್ನು ಅಂಗಳದಲ್ಲಿ ಒಮ್ಮೆ ಕುಣಿಯುತ್ತೀಯಾ? ಅಜ್ಜಿಯೂ ನೋಡಿಲ್ಲ. ಮನಸ್ಸಿಲ್ಲದಿದ್ದರೆ ಬೇಡ.

ಅಪ್ಪನ ಕೈಯಲ್ಲಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಬೇಡ, ಬೂಸ್ಟು ಬರುತ್ತದೆ. ನಿನ್ನ ರೂಮಿನವರಿಗೂ ಕೊಡು.

ನಿನ್ನ
ಆಯಿ