ವಿಯೆನ್ನಾ ಪ್ರವಾಸ: ಶುಕ್ರವಾರ ರಾತ್ರಿಯ ರೈಲು

ಎಲ್ಲರಿಗೂ ನಮಸ್ಕಾರ. ಜ್ಯೂರಿಕ್‌ನಿಂದ ವಿಯೆನ್ನಾಕ್ಕೆ ಹೊರಡುವ ನಾವು ಆರು ಜನರೂ ನೈಟ್‌ಜೆಟ್ ರೈಲಿನ ಒಂದೇ ಆರು ಬರ್ತ್‌ಗಳ ಕೋಣೆಯಲ್ಲಿ ಇರುತ್ತೇವೆ. ರಾತ್ರಿ ಒಂಬತ್ತಕ್ಕೆಲ್ಲ ಮುಖ್ಯ ನಿಲ್ದಾಣಕ್ಕೆ ಬಂದುಬಿಡಿ. ಈ ರೈಲಿನ ಕೆಲವು ಬೋಗಿಗಳು ದಾರಿಯಲ್ಲಿ ಬೇರ್ಪಟ್ಟು ಬೇರೆ ಊರುಗಳಿಗೆ ಹೋಗುವುದುಂಟು. ಬೋಗಿಯ ಸಂಖ್ಯೆ, ಬಾಗಿಲ ಬಳಿಯ ಊರಿನ ಹೆಸರು ಎರಡನ್ನೂ ನೋಡಿಯೇ ಹತ್ತಿ.

ದೊಡ್ಡ ಸೂಟ್‌ಕೇಸ್ ದಯವಿಟ್ಟು ಬೇಡ. ಹೋದ ಸಲ ನನ್ನ ಪೆಟ್ಟಿಗೆ ಕೆಳಗಿನ ಬರ್ತ್‌ನಡಿ ಹಿಡಿಸದೆ, ಅರ್ಧ ರಾತ್ರಿ ಅದನ್ನು ಕಾಲಬುಡದಲ್ಲಿಟ್ಟು ಮುದುಡಿಕೊಂಡು ಮಲಗಿದ್ದೆ. ದಿಂಬು, ಹೊದಿಕೆ, ತೆಳುವಾದ ಬಿಳಿ ಹಾಸು ರೈಲಿನಲ್ಲೇ ಸಿಗುತ್ತವೆ. ಮೇಲಿನ ಬರ್ತ್‌ಗೆ ಕಡಿದಾದ ಏಣಿ ಹತ್ತಬೇಕು, ಆದ್ದರಿಂದ ಕೆಳಗಿನ ಎರಡೂ ಅಮ್ಮ ಮತ್ತು ಅತ್ತೆಯವರಿಗೆ.

ಪಾಸ್‌ಪೋರ್ಟ್, ನಿವಾಸದ ಪರವಾನಗಿ ಕಾರ್ಡ್ ಮರೆಯಬೇಡಿ. ಅಮ್ಮಂದಿರ ಷೆಂಗೆನ್ ವೀಸಾದ ದಿನಾಂಕವನ್ನು ಇಂದೇ ಇನ್ನೊಮ್ಮೆ ನೋಡಿಕೊಳ್ಳಿ.

ಬೆಳಗಿನ ಉಪಾಹಾರ ಟಿಕೆಟ್‌ನಲ್ಲೇ ಸೇರಿದೆ: ಬನ್, ಬೆಣ್ಣೆ, ಜಾಮ್, ಕಾಫಿ ಅಥವಾ ಚಹಾ. ರಾತ್ರಿಯೂಟಕ್ಕೆ ನಾನು ಚಿತ್ರಾನ್ನ ತರುತ್ತೇನೆ. ಯಾರಾದರೂ ಮೊಸರನ್ನ ತಂದರೆ ಸಾಕು.

ಎಂಟರ ಸುಮಾರಿಗೆ ಇಳಿದು, ಚೀಲಗಳನ್ನು ನಿಲ್ದಾಣದ ಲಾಕರ್‌ನಲ್ಲಿಟ್ಟರೆ ಬೆಲ್ವೆಡೇರ್ ಅರಮನೆ ಕಾಲು ಗಂಟೆಯ ನಡಿಗೆ. ಚಿತ್ರಕಾರ ಕ್ಲಿಮ್ಟ್‌ನ ‘ಮುತ್ತು’ (ದಿ ಕಿಸ್) ಚಿತ್ರ ಅಲ್ಲೇ ಇದೆ. ಚಿನ್ನದ ರೇಕು ಅಂಟಿಸಿದ ಆ ಚಿತ್ರ ನೋಡುವಾಗ ಮೈಸೂರು ಶೈಲಿಯ ಚಿತ್ರಗಳು ನೆನಪಾಗುತ್ತವೆ, ನಿಧಾನವಾಗಿ ನೋಡೋಣ. ನಾಶ್‌ಮಾರ್ಕ್ಟ್ ಸಂತೆಗೆ ಭಾನುವಾರ ರಜೆ, ಶನಿವಾರವೇ ಹೋಗಬೇಕು.

ಭಾನುವಾರ ರಾತ್ರಿಯ ರೈಲಿಗೆ ವಾಪಸು. ಯಾರಿಗೆ ಯಾವ ಬರ್ತ್ ಬೇಕೆಂದು ನಾಳೆ ಸಂಜೆಯೊಳಗೆ ಇಲ್ಲೇ ತಿಳಿಸಿ.