ದೊಡ್ಡ ತಂಡವೇ ಬಸ್ ಹತ್ತಲಿ

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ ಮೂರು ಸಾಲಿನ ಒಂದು ಸುದ್ದಿ ಇತ್ತು. 2024ರ ಡಿಸೆಂಬರ್ 7ರಂದು ಓಸ್ಲೋದಲ್ಲಿ ನಡೆದ ಫುಟ್‌ಬಾಲ್ ಫೈನಲ್‌ನಲ್ಲಿ ಫ್ರೆಡ್ರಿಕ್‌ಸ್ಟಾಡ್ ತಂಡ ಮೋಲ್ಡೆ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ನಾರ್ವೆಯ ಚಾಂಪಿಯನ್ ಆಯಿತು ಅಂತ. ಕ್ರಿಕೆಟ್ ಸ್ಕೋರಿನ ಕೆಳಗೆ, ಚಿನ್ನದಂಗಡಿ ಜಾಹೀರಾತಿನ ಮೇಲೆ, ಉಸಿರು ಬಿಗಿಹಿಡಿದು ಕೂತ ಹಾಗಿತ್ತು ಆ ಸುದ್ದಿ. ಅದರಿಂದ ದೂರವಾಣಿನಗರದ ನಮ್ಮ ಟೀ ಅಂಗಡಿಯಲ್ಲಿ ಒಂದು ಸಣ್ಣ ಜಗಳವೇ ಆಯಿತು.

ನನ್ನ ವಾಕಿಂಗ್ ಗೆಳೆಯರೊಬ್ಬರು ನಿವೃತ್ತ ಬ್ಯಾಂಕ್ ನೌಕರರು. ಲೆಕ್ಕ ತಪ್ಪಿದರೆ ಅವರಿಗೆ ನಿದ್ದೆ ಬರುವುದಿಲ್ಲ. "ಪತ್ರಿಕೆಯವರು ತಪ್ಪು ಹಾಕಿದ್ದಾರೆ ಮೇಷ್ಟ್ರೇ, ನಾರ್ವೆ ಚಾಂಪಿಯನ್ ಬೋಡೋ ಗ್ಲಿಮ್ಟ್, ಹೋದ ವಾರ ತಾನೇ ಲೀಗ್ ಗೆದ್ದರು" ಎಂದರು. ಮೊಬೈಲ್ ತೆಗೆದು ತೋರಿಸಿಯೂ ಬಿಟ್ಟರು. ಅವರು ಹೇಳಿದ್ದೂ ಸರಿ, ನೀವು ಹಾಕಿದ್ದೂ ಸರಿ. ನಾರ್ವೆಯಲ್ಲಿ ಚಾಂಪಿಯನ್ ಇಬ್ಬರು. ಲೀಗ್ ಗೆದ್ದವರನ್ನು ಸರಣಿ ಚಾಂಪಿಯನ್ ಎನ್ನುತ್ತಾರೆ. ಒಂದು ಸಲ ಸೋತರೆ ಆಚೆ ಹೋಗುವ ನಾಕೌಟ್ ಕಪ್ ಗೆದ್ದವರಿಗೆ ಮಾತ್ರ 'ನಾರ್ವೆ ಚಾಂಪಿಯನ್' ಎಂಬ ಬಿರುದು. ಯಾಕೆಂದರೆ ಕಪ್ ಶುರುವಾಗಿದ್ದು 1902ರಲ್ಲಿ. ಇಡೀ ದೇಶದ ಲೀಗ್ ಬಂದಿದ್ದು 1937ರಲ್ಲಿ. ಮೊದಲು ಹುಟ್ಟಿದ ಮಗನಿಗೆ ತಾತನ ಹೆಸರು ಹೋಗಿಬಿಟ್ಟಿತ್ತು, ಎರಡನೆಯವನಿಗೆ ಬೇರೆ ಹೆಸರು ಹುಡುಕಬೇಕಾಯಿತು, ಅಷ್ಟೇ. ಕಪ್ ಗೆದ್ದವರಿಗೆ ಸಿಗುವುದು ರಾಜನ ಬಟ್ಟಲು. ಫ್ರೆಡ್ರಿಕ್‌ಸ್ಟಾಡ್‌ಗೆ ಇದು ಹನ್ನೆರಡನೆಯದು. ಓಡ್, ರೋಸೆನ್‌ಬೋರ್ಗ್ ಮತ್ತು ಇವರು, ಮೂರೂ ತಂಡ ಈಗ ಸಮಸಮ.

ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ನೀವು ಕೇಳಬಹುದು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಹೋದ ವರ್ಷ ನಿವೃತ್ತನಾದೆ. ಮಗಳು ಅಳಿಯ ನಾರ್ವೆಯ ಓಲೆಸುಂಡ್ ಎಂಬ ಊರಿನಲ್ಲಿದ್ದಾರೆ. 2019ರ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ಬೇಸಿಗೆ ಅಂದೆ ಅಲ್ವಾ, ಅದು ನಮ್ಮ ಲೆಕ್ಕ. ಮೇ ತಿಂಗಳಲ್ಲೂ ಬೆಟ್ಟದ ಮೇಲೆ ಹಿಮ ಇತ್ತು, ನಾನು ಮಂಕಿ ಕ್ಯಾಪ್ ತೆಗೆದಿರಲಿಲ್ಲ. ಅಳಿಯ ಒಂದು ಸಂಜೆ ಕಪ್‌ನ ಮೊದಲ ಸುತ್ತಿನ ಪಂದ್ಯಕ್ಕೆ ಕರೆದುಕೊಂಡು ಹೋದ.

ಸ್ಟೇಡಿಯಂ ಇರಬಹುದು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಶಾಲೆಯ ಪಕ್ಕ ಒಂದು ಮೈದಾನ. ಪ್ಲಾಸ್ಟಿಕ್ ಹುಲ್ಲು, ಸುತ್ತ ಸೊಂಟದೆತ್ತರದ ಬೇಲಿ, ಒಂದೇ ಕಡೆ ನಾಲ್ಕು ಮೆಟ್ಟಿಲು. ಆ ಮೈದಾನದ ತಂಡ ಎಷ್ಟೋ ದರ್ಜೆ ಕೆಳಗಿನದು. ಗೋಲ್‌ಕೀಪರ್ ಹಗಲು ಹೊತ್ತು ಬಡಗಿ ಕೆಲಸ ಮಾಡುತ್ತಾನಂತೆ. ಎದುರಿಗೆ ಬಂದಿದ್ದು ಟಿ.ವಿ.ಯಲ್ಲಿ ಬರುವ ಮೇಲಿನ ದರ್ಜೆಯ ತಂಡ. ಅವರ ದೊಡ್ಡ ಬಸ್ಸು ಶಾಲೆಯ ಗೇಟಿನಲ್ಲಿ ತಿರುಗಲಾಗದೆ ಹಿಂದೆ ಮುಂದೆ ಆಡುತ್ತಿತ್ತು. ಊರಿನ ಹುಡುಗರೇ ನಿಂತು 'ಬರಲಿ, ಬರಲಿ' ಅಂತ ಕೈ ಬೀಸುತ್ತಿದ್ದರು. ನಾನು ಅಳಿಯನನ್ನು ಕೇಳಿದೆ, "ಇಷ್ಟು ದೊಡ್ಡ ತಂಡ ಇಲ್ಲಿಗೆ ಯಾಕಪ್ಪಾ ಬಂತು? ಇವರೇ ಅಲ್ಲಿಗೆ ಹೋಗಬಹುದಿತ್ತಲ್ಲ?" ಅವನು ಹೇಳಿದ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಮೊದಲ ಸುತ್ತಲ್ಲಿ ಚಿಕ್ಕ ತಂಡದ ಮನೆಗೆ ದೊಡ್ಡವರು ಬರಬೇಕು ಮಾವ. ಅದೇ ರೂಲ್ಸು."

ಬೇಲಿಯ ಪಕ್ಕ ಒಂದು ಟೇಬಲ್ ಹಾಕಿ ಊರಿನ ಹೆಂಗಸರು ದೋಸೆಕಾವಲಿಯಂಥದ್ದರ ಮೇಲೆ ವಾಫಲ್ ಸುಡುತ್ತಿದ್ದರು. ಅದಕ್ಕೊಂದು ಕಂದು ಬಣ್ಣದ ಚೀಸ್ ಹಾಕಿ ಕೊಡುತ್ತಾರೆ. ತಳ ಹಿಡಿದ ಖೋವಾದ ರುಚಿ, ನನಗಂತೂ ಹಿಡಿಸಿತು. ಟಿಕೆಟ್ ಹರಿಯುವವನು, ಚೆಂಡು ಎತ್ತಿ ಕೊಡುವವನು, ಕಾಫಿ ಸುರಿಯುವವನು, ಯಾರಿಗೂ ಸಂಬಳ ಇಲ್ಲ. ಎಲ್ಲರೂ ಕೂಡಿ ಸುಮ್ನೆ ಮಾಡುವ ಕೆಲಸಕ್ಕೆ ಅವರು 'ದುಗ್ನಾಡ್' ಎನ್ನುತ್ತಾರೆ. ನಮ್ಮ ಊರಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ.

ಚಿಕ್ಕ ತಂಡ ಆರು ಗೋಲು ತಿಂದಿತು. ಆದರೆ ಎಪ್ಪತ್ತನೇ ನಿಮಿಷದ ಹೊತ್ತಿಗೆ ಒಂದು ಗೋಲು ಹಾಕಿಯೂ ಬಿಟ್ಟಿತು. ಕಾರ್ನರ್‌ನಿಂದ ಬಂದ ಚೆಂಡು ಯಾರದೋ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಹೊಡೆದವನಿಗೇ ಗೊತ್ತಾಗಲಿಲ್ಲ ಅನ್ನಿಸುತ್ತೆ. ಅಷ್ಟಕ್ಕೇ ವಾಫಲ್ ಸುಡುತ್ತಿದ್ದ ಅಜ್ಜಿ ಸೌಟು ಹಿಡಿದೇ ಬೇಲಿಗೆ ಓಡಿ ಬಂದರು. ಹಿಟ್ಟು ತೊಟ್ಟಿಕ್ಕುತ್ತಿತ್ತು. ರಾತ್ರಿ ಒಂಬತ್ತಾದರೂ ಬೆಳಕಿತ್ತು. ಜನ ಮನೆಗೆ ಹೋಗಲೇ ಇಲ್ಲ.

ಹಾಗೆ ಗೆಲ್ಲುವುದೇ ಇಲ್ಲವಾ ಅಂದರೆ, ಗೆಲ್ಲುತ್ತಾರೆ. ಚಿಕ್ಕವರು ದೊಡ್ಡವರನ್ನು ಬೀಳಿಸಿದರೆ ಅಲ್ಲಿನ ಪತ್ರಿಕೆಗಳು 'ಕಪ್ ಬಾಂಬ್' ಎಂದು ಬರೆಯುತ್ತವೆ. ಎಲ್ಲಕ್ಕಿಂತ ದೊಡ್ಡ ಬಾಂಬುಗಳಲ್ಲಿ ಒಂದು ಸಿಡಿದಿದ್ದು 2012ರಲ್ಲಿ. ಮಗಳ ಮನೆಯಿಂದ ಫೆರಿ ದಾಟಿ ಹೋದರೆ ಉಲ್ಸ್ಟೈನ್‌ವಿಕ್ ಎಂಬ ಪುಟ್ಟ ಊರು ಸಿಗುತ್ತದೆ. ಹಡಗು ಕಟ್ಟುವ ಊರು. ಅಲ್ಲಿನ ಹೋಡ್ ತಂಡ ಆಗ ಎರಡನೇ ದರ್ಜೆಯಲ್ಲಿತ್ತು. ಆ ನವೆಂಬರ್‌ನಲ್ಲಿ ಅವರು ಓಸ್ಲೋದ ಉಲ್ಲೆವಾಲ್ ಸ್ಟೇಡಿಯಂಗೆ ಹೋಗಿ, ಮೇಲಿನ ದರ್ಜೆಯ ಟ್ರೊಮ್ಸೋ ತಂಡವನ್ನು 1-1ರಲ್ಲಿ ನಿಲ್ಲಿಸಿ, ಪೆನಾಲ್ಟಿಯಲ್ಲಿ ಸೋಲಿಸಿ ರಾಜನ ಬಟ್ಟಲು ಮನೆಗೆ ತಂದರು. ಗೋಲು ಕಾದ ಹುಡುಗ ಓರ್ಯನ್ ನೂಲಾಂಡ್ ಆಮೇಲೆ ನಾರ್ವೆ ತಂಡಕ್ಕೇ ಗೋಲ್‌ಕೀಪರ್ ಆದ. 2011ರಲ್ಲಿ ಕಪ್ ಓಲೆಸುಂಡ್‌ಗೆ ಹೋಗಿತ್ತು. 2012ರಲ್ಲಿ ಹೋಡ್‌ಗೆ. 2013, 2014 ಎರಡೂ ಸಲ ಮೋಲ್ಡೆಗೆ. ಮೂರೂ ಊರು ಒಂದೇ ಜಿಲ್ಲೆಯವು ಸ್ವಾಮಿ! ಆ ಇಡೀ ಜಿಲ್ಲೆಯ ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸು. ನಮ್ಮ ಕೆ.ಆರ್. ಪುರ ಕ್ಷೇತ್ರದ ಮತದಾರರೇ ಅದಕ್ಕಿಂತ ಜಾಸ್ತಿ.

ನಾನು ವಾಪಸ್ ಬಂದ ಮೇಲೂ ಆ ವರ್ಷದ ಕಪ್ ಬಿಡಲಿಲ್ಲ. ಪ್ರತಿ ಸುತ್ತು ಮುಗಿದಾಗ ಅಳಿಯ ವಾಟ್ಸಾಪ್‌ನಲ್ಲಿ ಫಲಿತಾಂಶ ಕಳಿಸುತ್ತಿದ್ದ. ನಾನು ಹಳೆ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಮರದ ಕೊಂಬೆಯ ಹಾಗೆ ಗೆರೆ ಎಳೆದು ಬರೆದುಕೊಳ್ಳುತ್ತಿದ್ದೆ. ಡಿಸೆಂಬರ್ 8ಕ್ಕೆ ಎರಡೇ ಕೊಂಬೆ ಉಳಿದವು, ವೈಕಿಂಗ್ ಮತ್ತು ಹೌಗೆಸುಂಡ್. ಅವೂ ಅಕ್ಕಪಕ್ಕದವೇ, ಇಬ್ಬರದೂ ರೋಗಾಲಾಂಡ್ ಜಿಲ್ಲೆ. ಬೀದಿ ಜಗಳವನ್ನು ಹೈಕೋರ್ಟಿಗೆ ಒಯ್ದ ಹಾಗೆ ರಾಜಧಾನಿಗೆ ಹೋಗಿ ಆಡಿದರು. ವೈಕಿಂಗ್ 1-0. ಒಂದೇ ಗೋಲು, ಅದೂ ಪೆನಾಲ್ಟಿ. ಹಿಂದಿನ ವರ್ಷ ಎರಡನೇ ದರ್ಜೆಯಲ್ಲಿ ಆಡಿ ಮೇಲೆ ಬಂದಿದ್ದ ತಂಡ ಅದು. ಮರುವರ್ಷ ಕೊರೊನಾ ಬಂದು ಕಪ್ಪೇ ರದ್ದಾಯಿತು. ಆ ಪುಟ ಹಾಗೇ ಖಾಲಿ ಬಿಟ್ಟಿದ್ದೇನೆ.

ಅಲ್ಲೂ ಎಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಫೈನಲ್ ಅಂದರೆ 'ಶರತ್ಕಾಲದ ಅತಿ ಚೆಂದದ ಕಥೆ' ಎನ್ನುವುದು ಅವರ ಹಳೆ ಮಾತು. ಈಚಿನ ವರ್ಷಗಳಲ್ಲಿ ಅದು ಡಿಸೆಂಬರ್ ಚಳಿಗೆ ಹೋಗಿತ್ತು. 2022ರ ಕಪ್ಪಿನ ಫೈನಲ್ಲಂತೂ 2023ರ ಮೇ ತಿಂಗಳಲ್ಲಿ ಆಯಿತು. ಅಳಿಯ ಗೊಣಗುತ್ತಲೇ ಇರುತ್ತಾನೆ. ಹಳೆಯ ತಪ್ಪು ಇದಕ್ಕಿಂತ ದೊಡ್ಡದು. ಉತ್ತರ ನಾರ್ವೆಯ ಕ್ಲಬ್‌ಗಳನ್ನು 1963ರವರೆಗೆ ಈ ಕಪ್ಪಿಗೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಹೆಸರು ಮಾತ್ರ ಇಡೀ ದೇಶದ್ದು! ಬಾಗಿಲು ತೆಗೆದ ಹನ್ನೆರಡು ವರ್ಷಕ್ಕೆ, 1975ರಲ್ಲಿ, ಆರ್ಕ್ಟಿಕ್ ವೃತ್ತದ ಆಚೆಯ ಬೋಡೋ ಗ್ಲಿಮ್ಟ್ ಬಂದು ಕಪ್ ಗೆದ್ದುಕೊಂಡು ಹೋಯಿತು. ನನ್ನ ಬ್ಯಾಂಕ್ ಗೆಳೆಯರು ಮೊಬೈಲಲ್ಲಿ ತೋರಿಸಿದ ಲೀಗ್ ಚಾಂಪಿಯನ್ ಇದೇ ತಂಡ. ಈ ಕಥೆ ಕೇಳಿ ಬೆಳಗಾವಿ ಕಡೆಯ ನನ್ನ ಹೆಂಡತಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ, "ನೀವು ಬೆಂಗಳೂರಿನವರು ನಮ್ಮನ್ನ ಯಾವಾಗ ಕರದೀರಿ, ಹೇಳ್ರಿ ನೋಡೋಣು" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನ ಸ್ವಂತ ಹೊಟ್ಟೆಉರಿ ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಗರದಲ್ಲಿ ಶಾಲೆಗಳ ಒಂದು ನಾಕೌಟ್ ಪಂದ್ಯಾವಳಿ. ಯಾರು ನಡೆಸಿದರು ಅನ್ನುವುದು ಬೇಡ. ನಮ್ಮ ಪಂದ್ಯ ಬೆಳಗ್ಗೆ ಏಳಕ್ಕೆ, ಊರಿನ ಇನ್ನೊಂದು ತುದಿಯಲ್ಲಿ. ಎದುರಾಳಿ ಶಾಲೆ ಆ ಮೈದಾನದ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು. ನಮ್ಮ ಹದಿನಾಲ್ಕು ಹುಡುಗರು ಕತ್ತಲಲ್ಲೇ ಎದ್ದು ಎರಡು ಬಸ್ ಬದಲಿಸಿ ಬಂದರು. ಎರಡನೇ ಬಸ್ಸು ಕೆಟ್ಟು ನಿಂತಿತು. ನಾವು ಮೈದಾನ ಮುಟ್ಟಿದಾಗ ಏಳೂ ಇಪ್ಪತ್ತು. ಅಷ್ಟರಲ್ಲಿ ವಾಕ್‌ಓವರ್ ಕೊಟ್ಟು ಮುಗಿದಿತ್ತು. ಎದುರು ತಂಡದ ಹುಡುಗರೇ "ಆಡೋಣ ಸಾರ್" ಎಂದರು. ಟೇಬಲ್ ಹಿಂದೆ ಕೂತವರು ಪೆನ್ನಿನ ಕ್ಯಾಪ್ ಹಾಕಿಬಿಟ್ಟಿದ್ದರು. ನಮ್ಮ ಗೋಲ್‌ಕೀಪರ್ ಶಿವಾಜಿನಗರದಲ್ಲಿ ಕೊಂಡ ಹೊಸ ಗ್ಲೌಸ್ ಹಾಕಿಕೊಂಡೇ ಬಸ್ ಹತ್ತಿದ್ದ. ವಾಪಸ್ ಬರುವಾಗಲೂ ತೆಗೆಯಲಿಲ್ಲ. ಟಿಕೆಟ್ಟಿನ ಚಿಲ್ಲರೆಯನ್ನು ಆ ದಪ್ಪ ಬೆರಳಲ್ಲೇ ಎಣಿಸಿ ಕಂಡಕ್ಟರಿಗೆ ಕೊಟ್ಟ.

ನಾರ್ವೆಯಲ್ಲಿ ದೊಡ್ಡ ಬಸ್ಸು ಆ ಪುಟ್ಟ ಗೇಟಿನಲ್ಲಿ ಒದ್ದಾಡುವುದನ್ನು ನೋಡಿದಾಗ ನನಗೆ ನೆನಪಾಗಿದ್ದು ಈ ಹುಡುಗ.

ನಮಗೆ ಫುಟ್‌ಬಾಲ್ ಗೊತ್ತಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಗೌತಮಪುರದಲ್ಲಿ ಪೆಲೆಗೆ ಪ್ರತಿಮೆಯೇ ಇದೆ. ದೇಶದ ನಾಕೌಟ್ ಕಪ್ ಆಗಿದ್ದ ಫೆಡರೇಷನ್ ಕಪ್ 1977ರಲ್ಲಿ ಶುರುವಾಯಿತು. ಮೊದಲ ವರ್ಷವೇ ಫೈನಲ್‌ನಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಅದನ್ನು ಗೆದ್ದವರು ನಮ್ಮ ಐ.ಟಿ.ಐ. ತಂಡ. ಟೆಲಿಫೋನ್ ಮಾಡುವ ಕಾರ್ಖಾನೆಯ ತಂಡ! ನನಗಾಗ ಹದಿನಾಲ್ಕು. ಅಪ್ಪ ಅಲ್ಲೇ ಕೆಲಸಕ್ಕಿದ್ದರು. ಅವತ್ತು ಸೈಕಲ್ ಹ್ಯಾಂಡಲಿಗೆ ಮೈಸೂರ್ ಪಾಕ್ ಪೊಟ್ಟಣ ತೂಗುಹಾಕಿಕೊಂಡು ಬಂದಿದ್ದರು. ಫುಟ್‌ಬಾಲ್ ಅಂದರೆ ನನಗೆ ಇವತ್ತಿಗೂ ಮೂಗಿಗೆ ಬರುವುದು ತುಪ್ಪದ ವಾಸನೆ. ಅದೇ ಕಪ್ಪಿನ ಕೊನೆಯ ಫೈನಲ್ 2017ರಲ್ಲಿ ನಡೆಯಿತು. ಅವತ್ತೂ ಗೆದ್ದಿದ್ದು ಬೆಂಗಳೂರೇ, ಸೋತಿದ್ದು ಮೋಹನ್ ಬಗಾನ್ನೇ. 2023ರಲ್ಲಿ ಕರ್ನಾಟಕ 54 ವರ್ಷದ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಎರಡು ದಿನ ಫೋಟೋ ಬಂತು. ಆಮೇಲೆ ಐಪಿಎಲ್ ಶುರುವಾಯಿತು.

ಆಟಗಾರರು ಇದ್ದಾರೆ. ಊರೂರಿಗೂ ಬಾಗಿಲು ತೆಗೆದಿಟ್ಟ ಒಂದು ನಾಕೌಟ್ ಕಪ್ ಇಲ್ಲ. ಬೆಂಗಳೂರಿನ ಸೂಪರ್ ಡಿವಿಷನ್ ತಂಡ, ಕಾರವಾರದ ಬೀಚ್‌ನಲ್ಲಿ ಆಡುವ ತಂಡ, ಭದ್ರಾವತಿಯ ಹುಡುಗರು, ಬೆಳಗಾವಿಯವರು, ಎಲ್ಲರ ಹೆಸರೂ ಒಂದೇ ಡಬ್ಬಿಗೆ ಬೀಳಬೇಕು. ಎಲ್ಲರೆದುರು ಚೀಟಿ ಎತ್ತಬೇಕು. ಮೊದಲ ಎರಡು ಸುತ್ತು ಚಿಕ್ಕ ತಂಡದ ಊರಲ್ಲೇ ಆಗಬೇಕು. ಬೆಂಗಳೂರಿನ ತಂಡವೇ ಬಸ್ ಹತ್ತಬೇಕು. ದುಡ್ಡಿಲ್ಲ, ಮೈದಾನ ಸರಿಯಿಲ್ಲ, ಮಳೆ ಬರುತ್ತೆ ಅಂತೀರಾ? ಕೊಡಗನ್ನು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ 60 ತಂಡ ಬಂದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ಬಂದವು. ಪ್ರತಿ ವರ್ಷ ಒಂದೊಂದು ಕುಟುಂಬ ಜವಾಬ್ದಾರಿ ಹೊರುತ್ತದೆ. ತಾತ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಓಡುತ್ತಾರೆ. ಅದು ನಾರ್ವೆಯಲ್ಲಿಲ್ಲ, ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ದೂರದಲ್ಲಿದೆ.

ಇದರಲ್ಲಿ ಪತ್ರಿಕೆಯವರದೂ ಒಂದು ಪಾಲಿದೆ. ಕಪ್ ಯಾವಾಗ ಶುರುವಾಗುತ್ತೋ ಆಗ ಆಗಲಿ. ಅಲ್ಲಿವರೆಗೆ ವಾರಕ್ಕೊಂದು ದಿನ ಜಿಲ್ಲೆಗಳಲ್ಲಿ ನಡೆಯುವ ಫುಟ್‌ಬಾಲ್ ಫಲಿತಾಂಶ ಹಾಕಿ. ಗೋಲು ಹೊಡೆದವರ ಹೆಸರು, ಎಷ್ಟನೇ ನಿಮಿಷ, ಅಷ್ಟು ಸಾಕು. ಜಾಗ ಇಲ್ಲದಿದ್ದರೆ ನಾರ್ವೆ ಸುದ್ದಿ ಬಿಡಿ, ಅದು ನನಗೆ ಅಳಿಯ ಕಳಿಸುತ್ತಾನೆ.

ಆ ಗ್ಲೌಸ್ ಹುಡುಗ ಈಗ ಟಿನ್ ಫ್ಯಾಕ್ಟರಿ ಹತ್ತಿರ ಆಟೋ ಓಡಿಸುತ್ತಾನೆ. ನಿಮ್ಮ ಸೋಮವಾರದ ಪತ್ರಿಕೆಯನ್ನು ಅವನಿಗೂ ತೋರಿಸಿದೆ. ಓದಿ, "ಪೆನಾಲ್ಟಿ ಎಷ್ಟು ಹಿಡಿದನಂತೆ ಸಾರ್ ಕೀಪರ್ರು?" ಅಂತ ಕೇಳಿದ. ಮೂರು ಸಾಲಿನಲ್ಲಿ ಅದು ಇರಲಿಲ್ಲ.

ಇತಿ ನಿಮ್ಮ ಓದುಗ,
ನಿವೃತ್ತ ಪಿ.ಟಿ. ಮೇಷ್ಟ್ರು
ದೂರವಾಣಿನಗರ, ಬೆಂಗಳೂರು