ಅಪ್ಪ ಮೊದಲು ಕೇಳಿದ್ದು ವಯಸ್ಸು

ಪ್ರೀತಿಯ ಸೀನ,

ನೀನು ಕಳಿಸಿದ ಫೋಟೋ ನೋಡಿದೆ. ಮಗಳ ಕೊರಳಲ್ಲಿ ಅಮೆರಿಕದ ನಿಮ್ಮೂರಿನ ಫುಟ್‌ಬಾಲ್ ಕ್ಲಬ್ಬು ಸ್ಯಾಕ್ರಮೆಂಟೊ ರಿಪಬ್ಲಿಕ್‌ನ ಸ್ಕಾರ್ಫ್, ಹಿಂದೆ ಫ್ಲಡ್‌ಲೈಟು, ಪಕ್ಕದಲ್ಲಿ ನೀನು ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದೀಯ. ‘ಇಲ್ಲಿನ ಲೋಕಲ್ ಟೀಮು, ಸುಮ್ನೆ ಹೋಗಿದ್ವಿ’ ಅಂತ ಕೆಳಗೆ ಬರೆದಿದ್ದೀಯ. ಆ ಕ್ಲಬ್ಬಿಗೂ ನಮಗೂ ಒಂದು ಹಳೇ ಸಂಬಂಧ ಇದೆ ಕಣೋ. ಮೆಸೇಜಿನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ಕಾಗದ. ಬೇರೆಯವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ನಮ್ಮ ಬೀದಿಯವರು ಯಾರಾದರೂ ಓದಿದರೆ ‘ಓ, ಪೆನಾಲ್ಟಿ ಸೀನ’ ಅಂತಾರೆ. ಆ ಹೆಸರು ಹೇಗೆ ಬಂತು ಅಂತ ಉಳಿದವರಿಗೆ ನಾನು ಹೇಳಲ್ಲ, ಹೆದರಬೇಡ.

2014ರ ಆಗಸ್ಟ್ ನೆನಪಿದೆಯಾ? ಪಾಕಿಸ್ತಾನದ ಫುಟ್‌ಬಾಲ್ ಟೀಮು ಬೆಂಗಳೂರಿಗೆ ಬಂದಿತ್ತು. ಏಷ್ಯನ್ ಗೇಮ್ಸ್ ತಯಾರಿಗೆ ಅಂತ ಎರಡು ಪಂದ್ಯ, ಎರಡೂ ನಮ್ಮ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಮೊದಲನೆಯದನ್ನು ನಾವು ರಾಬಿನ್ ಸಿಂಗ್ ಗೋಲಿನಿಂದ 1-0 ಗೆದ್ದೆವು. ಎರಡನೆಯದರಲ್ಲಿ 0-2 ಸೋತೆವು. ಆವತ್ತು ಮೊದಲ ಗೋಲು ಹೊಡೆದವನು ಕಲೀಮುಲ್ಲಾ. ಬೇಗ ಓಡುತ್ತಿದ್ದ, ಅದಕ್ಕಿಂತ ಬೇಗ ಯೋಚನೆ ಮಾಡುತ್ತಿದ್ದ. ಗ್ಯಾಲರಿಯಲ್ಲಿ ನೀನು ನನ್ನ ತೋಳು ಹಿಡಿದು ‘ಇವನು ಇಲ್ಲಿ ನಿಲ್ಲೋನಲ್ಲ’ ಅಂದಿದ್ದೆ. ಅವನಿಗಿನ್ನೂ 22 ತುಂಬಿರಲಿಲ್ಲ.

ಮಾರನೇ ವರ್ಷ ಅವನು ಸೇರಿದ್ದು ಇದೇ ಸ್ಯಾಕ್ರಮೆಂಟೊ ರಿಪಬ್ಲಿಕ್! ಯುಎಸ್‌ಎಲ್ ಅನ್ನೋ ಅಲ್ಲಿನ ಲೀಗಿನ 2014ರ ಚಾಂಪಿಯನ್ ಟೀಮು. ಅಮೆರಿಕದ ಪ್ರೊಫೆಷನಲ್ ಲೀಗಿಗೆ ಹೋದ ಮೊದಲ ಪಾಕಿಸ್ತಾನಿ ಆಟಗಾರ ಅವನೇ. ನಿನ್ನ ಮಗಳು ಚಪ್ಪಾಳೆ ಹೊಡೆದು ಬಂದ ಕ್ಲಬ್ಬಿನ ಬಣ್ಣ ಅವನೂ ತೊಟ್ಟಿದ್ದ.

ಅವನ ಊರು ಚಮನ್. ಬಲೂಚಿಸ್ತಾನದ ಕೊನೆ, ದಾಟಿದರೆ ಅಫ್ಘಾನಿಸ್ತಾನ. ನಾವೆಲ್ಲ ಆ ಊರಿನ ಹೆಸರು ಕೇಳುವುದು ಗಡಿ ಮುಚ್ಚಿದಾಗ, ಲಾರಿಗಳು ಸಾಲುಗಟ್ಟಿ ನಿಂತಾಗ ಮಾತ್ರ. ಆದರೆ ಅಲ್ಲಿ ಫುಟ್‌ಬಾಲ್ ಹುಚ್ಚು ತುಂಬ ಜಾಸ್ತಿ. ಪಾಕಿಸ್ತಾನದ ಕ್ಯಾಪ್ಟನ್ ಆಗಿದ್ದ ಮುಹಮ್ಮದ್ ಈಸಾ ಕೂಡ ಅದೇ ಊರಿನವನು. ನಮ್ಮ ಬೆಂಗಳೂರಲ್ಲಿ ಆಸ್ಟಿನ್ ಟೌನು, ಗೌತಮಪುರ ಇದ್ದ ಹಾಗೆ ಅವರಿಗೆ ಚಮನ್, ಕರಾಚಿಯ ಲಿಯಾರಿ. ವರ್ಲ್ಡ್ ಕಪ್ ಬಂದರೆ ಲಿಯಾರಿಯ ಗಲ್ಲಿಗಳಲ್ಲಿ ಬ್ರೆಜಿಲ್ ಬಾವುಟ ಹಾರುತ್ತದೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ. ಇವೆರಡೂ ಬೀದಿಗಳಿಗೆ ಒಂದು ಸಲ ಪಂದ್ಯ ಇಡಬೇಕು ಅಂತ ನನಗೆ ಬಹಳ ಆಸೆ.

ಚಮನ್‌ನಿಂದ ಹೊರಟ ಹುಡುಗ ಸೇರಿದ್ದು ಕೆಆರ್‌ಎಲ್ ಟೀಮು. ಅಂದರೆ ಖಾನ್ ರಿಸರ್ಚ್ ಲ್ಯಾಬೊರೇಟರೀಸ್, ಅವರ ಅಣು ಪ್ರಯೋಗಾಲಯ. ಅದಕ್ಕೇ ಒಂದು ಫುಟ್‌ಬಾಲ್ ಟೀಮು! ಮೊದಲ ಸಲ ಓದಿದಾಗ ವಿಚಿತ್ರ ಅನ್ನಿಸಿತು. ಆಮೇಲೆ ನಮ್ಮ ಊರಿನದೇ ನೆನಪಾಯಿತು. ವಿಮಾನ ಕಾರ್ಖಾನೆಗೆ ಟೀಮು, ಟೆಲಿಫೋನ್ ಕಾರ್ಖಾನೆಗೆ ಟೀಮು, ರೇಡಾರ್ ಮಾಡುವ ಲ್ಯಾಬಿಗೂ ಟೀಮು. ಎಚ್‌ಎಎಲ್ ಅಂತೂ ಆಗ ದೇಶದ ದೊಡ್ಡ ಲೀಗಾಗಿದ್ದ ಐ-ಲೀಗ್ ತನಕ ಹೋಗಿತ್ತು. 2004ರಲ್ಲಿ ಶುರುವಾದ ಪಾಕಿಸ್ತಾನ ಪ್ರೀಮಿಯರ್ ಲೀಗ್ ಕೂಡ ಹೆಚ್ಚುಕಡಿಮೆ ಹೀಗೇ. ಸೇನೆ, ಕರೆಂಟು-ನೀರಿನ ಇಲಾಖೆ, ಏರ್‌ಲೈನ್ಸ್, ಬ್ಯಾಂಕು, ಗ್ಯಾಸ್ ಕಂಪನಿ. ಅಲ್ಲಿ ಅದಕ್ಕೆ ‘ಡಿಪಾರ್ಟ್‌ಮೆಂಟ್’ ಫುಟ್‌ಬಾಲ್ ಅಂತಲೇ ಹೆಸರು. ಚೆನ್ನಾಗಿ ಆಡಿದರೆ ಕೆಲಸ, ಕೆಲಸ ಇದ್ದರೆ ಸಂಬಳ, ಸಂಬಳ ಇದ್ದರೆ ಮನೆಯವರು ಬೈಯಲ್ಲ.

ಕಲೀಮುಲ್ಲಾ ಕೆಆರ್‌ಎಲ್‌ಗೆ ಒಂದೇ ಸೀಸನ್‌ನಲ್ಲಿ 35 ಗೋಲು ಹೊಡೆದ. ಆ ಟೀಮು 2013ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಪ್ರೆಸಿಡೆಂಟ್ಸ್ ಕಪ್ ಫೈನಲ್ ತನಕ ಹೋಗಿ ತುರ್ಕ್‌ಮೆನಿಸ್ತಾನದ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತಿತು. ಅಲ್ಲಿಂದ ಅವನು ಕಿರ್ಗಿಸ್ತಾನಕ್ಕೆ ಹೋದ, ಬಿಷ್ಕೆಕ್‌ನ ದೋರ್ದೊಯ್ ಕ್ಲಬ್ಬಿಗೆ. 2014ರಲ್ಲಿ ಅವರು ಲೀಗ್ ಗೆದ್ದರು, ಗೋಲು ಹೊಡೆದವರ ಪಟ್ಟಿಯಲ್ಲಿ ಇವನ ಹೆಸರೇ ಮೇಲೆ. ಭಾಷೆ ಬೇರೆ, ಚಳಿ ಬೇರೆ. ಆಮೇಲೆ ಸ್ಯಾಕ್ರಮೆಂಟೊ, ಅಮೆರಿಕದ್ದೇ ಟಲ್ಸಾ, ಇರಾಕಿನ ನಜಫ್.

ಆದರೆ ಅವನು ಹೊರಗೆ ದುಡಿಯುವ ಹೊತ್ತಿಗೆ ಮನೆಯಲ್ಲಿ ಬೆಂಕಿ ಬಿದ್ದಿತ್ತು. 2015ರ ಮಾರ್ಚ್‌ನಲ್ಲಿ ಪಾಕಿಸ್ತಾನಕ್ಕೆ ಯೆಮೆನ್ ಜೊತೆ ವರ್ಲ್ಡ್ ಕಪ್ ಕ್ವಾಲಿಫೈಯರ್. ದೋಹಾದಲ್ಲಿ 1-3 ಸೋಲು. ಎರಡನೇ ಪಂದ್ಯ ಲಾಹೋರಿನಲ್ಲಿ ಆಗಬೇಕಿತ್ತು. ಅಷ್ಟರಲ್ಲಿ ಅಲ್ಲಿಯ ಚರ್ಚುಗಳ ಮೇಲೆ ಬಾಂಬ್ ದಾಳಿಯಾಯಿತು, ಪಂದ್ಯ ಬಹರೇನ್‌ಗೆ ಹೋಯಿತು. 0-0. ಅದಾದ ಮೇಲೆ ಫೆಡರೇಷನ್ ಚುನಾವಣೆಯ ಜಗಳ, ಎರಡು ಬಣ, ಕೋರ್ಟು, ಆಡಳಿತಾಧಿಕಾರಿ. 2017ರ ಅಕ್ಟೋಬರ್‌ನಲ್ಲಿ ಫಿಫಾ ಇಡೀ ಫೆಡರೇಷನ್ನನ್ನೇ ಸಸ್ಪೆಂಡ್ ಮಾಡಿತು. 2015ರ ಆ ಬಹರೇನ್ ಪಂದ್ಯದ ನಂತರ ಪಾಕಿಸ್ತಾನದ ಸೀನಿಯರ್ ಟೀಮು ಮತ್ತೆ ಮೈದಾನಕ್ಕೆ ಇಳಿದದ್ದು 2018ರಲ್ಲಿ.

ಈ ವಿಷಯವನ್ನು ಮೊನ್ನೆ ಊಟದ ಹೊತ್ತಿನಲ್ಲಿ ಅಪ್ಪನಿಗೆ ಹೇಳಿದೆ. ಅವರು ಜಗಳ ಯಾರದು, ತಪ್ಪು ಯಾರದು ಅಂತ ಕೇಳಲೇ ಇಲ್ಲ. ‘ಆ ಹುಡುಗನ ವಯಸ್ಸೆಷ್ಟು ಆಗ?’ ಅಂದರು. ನಿಂತಾಗ 22, ಮತ್ತೆ ಶುರುವಾದಾಗ 25 ದಾಟಿ 26ರ ಹತ್ತಿರ ಅಂದೆ. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ‘ಅದೇ ಕಣೋ ವಯಸ್ಸು’ ಅಂದರು. ಬೇರೇನೂ ಅನ್ನಲಿಲ್ಲ.

ಅಪ್ಪ ಆಡಿದ್ದು ನಿನಗೆ ಗೊತ್ತು. ಫುಟ್‌ಬಾಲ್ ಆಡುತ್ತಾರೆ ಅಂತಲೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಪಂಚಿಂಗು. ಮಂಡಿ ಹೋದ ಮೇಲೆ ಸ್ಟೋರ್ಸ್‌ನಲ್ಲಿ ಕೂತರು, ರಿಟೈರ್ ಆಗುವ ತನಕ ಅಲ್ಲೇ. ನಮ್ಮ ಮನೆ ಅಕ್ಕಿ, ನನ್ನ ಸ್ಕೂಲ್ ಫೀಸು, ಅಕ್ಕನ ಮದುವೆ, ಎಲ್ಲ ಆ ಆಟದಿಂದ ಬಂದ ಕೆಲಸದಿಂದ. ಮಂಡಿ ಹೋದ ದಿನ ಕೆಲಸವೂ ಹೋಗಿದ್ದರೆ ಏನಾಗುತ್ತಿತ್ತು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

2021ರಲ್ಲಿ ಪಾಕಿಸ್ತಾನದಲ್ಲಿ ಅದೇ ಆಯಿತು. ಇಲಾಖೆಗಳ ಕ್ರೀಡಾ ವಿಭಾಗಗಳನ್ನು ಮುಚ್ಚಿ ಅಂತ ಇಮ್ರಾನ್ ಖಾನ್ ಸರ್ಕಾರ ಆದೇಶ ಮಾಡಿತು. ಊರೂರಿನ, ಪ್ರಾಂತ್ಯಗಳ ಟೀಮುಗಳು ಬೆಳೆಯಬೇಕು ಅನ್ನುವುದು ಅವರ ವಾದ. ವಾದ ಪೂರ್ತಿ ಸುಳ್ಳಲ್ಲ. ಕ್ಲಬ್ಬುಗಳು ಬೆಳೆದರೇ ಆಟ ಬೆಳೆಯುವುದು, ನಾನೂ ಒಪ್ಪುತ್ತೇನೆ. ಆದರೆ ಹೊಸ ಮನೆ ಕಟ್ಟುವ ಮೊದಲೇ ಹಳೇ ಮನೆ ಕೆಡವಿದರು. ಎಷ್ಟೋ ಆಟಗಾರರ ಸಂಬಳ ನಿಂತುಹೋಯಿತು. ಮುಂದಿನ ಸರ್ಕಾರ 2022ರಲ್ಲಿ ಆದೇಶ ವಾಪಸ್ ತಗೊಂಡಿತು ಅನ್ನು. ಆದರೆ ಲೀಗೇ ಇರಲಿಲ್ಲ. 2018-19ರ ನಂತರ ಪ್ರೀಮಿಯರ್ ಲೀಗಿನ ಒಂದು ಸೀಸನ್ ಶುರುವಾಗಿ ಅರ್ಧಕ್ಕೆ ನಿಂತಿತು. ಫಿಫಾ 2021ರ ಏಪ್ರಿಲ್‌ನಲ್ಲಿ ಮತ್ತೆ ಸಸ್ಪೆಂಡ್ ಮಾಡಿತ್ತು, 2022ರ ಜೂನ್ ಕೊನೆಗೆ ತೆಗೆಯಿತು. 2025ರ ಫೆಬ್ರವರಿಯಲ್ಲಿ ಇನ್ನೊಂದು ಸಲ.

ಮುಹಮ್ಮದ್ ರಿಯಾಜ್ ವಿಡಿಯೋ ನೀನೂ ನೋಡಿರುತ್ತೀಯ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಪಾಕಿಸ್ತಾನಕ್ಕೆ ಆಡಿದವನು. ಆ ಕೂಟದಲ್ಲಿ ಅವರು ನೇಪಾಳವನ್ನು 2-1 ಸೋಲಿಸಿದರು, ಏಷ್ಯನ್ ಗೇಮ್ಸ್‌ನಲ್ಲಿ 44 ವರ್ಷದ ನಂತರ ಸಿಕ್ಕಿದ ಗೆಲುವು. ಅದೇ ರಿಯಾಜ್ ಪಾಕಿಸ್ತಾನದ ಹಂಗು ಅನ್ನೋ ಊರಿನ ಬೀದಿಯಲ್ಲಿ ಬಾಣಲೆ ಮುಂದೆ ಕೂತು ಜಿಲೇಬಿ ಹಾಕುತ್ತಿದ್ದ. 2025ರಲ್ಲಿ ಆ ವಿಡಿಯೋ ನಮ್ಮ ಫೋನುಗಳಿಗೂ ಬಂತು. ಇಲ್ಲಿ ಕೆಲವರು ನಗುವ ಇಮೋಜಿ ಹಾಕಿ ಹಂಚಿದರು. ನನಗೆ ನಿಜವಾಗಿ ನೋವಾಯಿತು, ಸೀನ. ಜಿಲೇಬಿ ಹಾಕುವುದು ಮರ್ಯಾದೆಯ ಕೆಲಸ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಆ ಕಾಲು ಆ ಹೊತ್ತಿನಲ್ಲಿ ಮೈದಾನದಲ್ಲಿ ಇರಬೇಕಿತ್ತು. ಸ್ಟೋರ್ಸ್‌ನ ಕುರ್ಚಿಯೂ ಅವನಿಗೆ ಸಿಗಲಿಲ್ಲ.

2023ರ ಜೂನ್ 21ರ ರಾತ್ರಿ ನೆನಪಾಗುತ್ತಿದೆ. ದಕ್ಷಿಣ ಏಷ್ಯಾದ ದೇಶಗಳ ಸ್ಯಾಫ್ ಕಪ್, ಕಂಠೀರವ ಸ್ಟೇಡಿಯಂ, ನಾವು ಪಾಕಿಸ್ತಾನದ ಎದುರು. ನೀನು ಅಲ್ಲಿ ಬೆಳ್ಳಂಬೆಳಿಗ್ಗೆ ಎದ್ದು ನೋಡಿದ್ದೆ. 4-0. ಛೆಟ್ರಿಯ ಹ್ಯಾಟ್ರಿಕ್. ನಾನು ಗಂಟಲು ಹರಿಯೋ ಹಾಗೆ ಕೂಗಿದೆ, ಇವತ್ತು ಇದ್ದರೂ ಕೂಗುತ್ತೇನೆ, ಛೆಟ್ರಿ ನಮ್ಮೂರಿನ ಕ್ಲಬ್ಬಿನವನು. ಆದರೆ ಎದುರಿನವರು ವೀಸಾ ತಡವಾಗಿ, ಮಾರಿಷಸ್‌ನಿಂದ ಹೊರಟು, ಪಂದ್ಯದ ದಿನವೇ ಬೆಂಗಳೂರಿಗೆ ಬಂದು ಇಳಿದಿದ್ದರು. ಒಂದು ದಿನದ ಪ್ರಾಕ್ಟೀಸೂ ಇಲ್ಲಿ ಇಲ್ಲ. ಡೆನ್ಮಾರ್ಕು, ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹುಡುಗರು, ಕ್ವೆಟ್ಟಾ-ಲಾಹೋರ್ ಕಡೆಯ ಹುಡುಗರು, ಎಲ್ಲ ಸೇರಿ ಮಾಡಿದ ಟೀಮು. ಕಲೀಮುಲ್ಲಾ ಅದರಲ್ಲಿ ಇರಲಿಲ್ಲ. ಅವನಿಗಾಗ 30.

ಅದಾಗಿ ನಾಲ್ಕು ತಿಂಗಳಿಗೆ, ಅಕ್ಟೋಬರ್ 17ರಂದು ಇಸ್ಲಾಮಾಬಾದಿನಲ್ಲಿ ಪಾಕಿಸ್ತಾನ ಕಾಂಬೋಡಿಯಾವನ್ನು 1-0 ಸೋಲಿಸಿತು. ಹಾರೂನ್ ಹಮೀದ್ ಗೋಲು. ವರ್ಲ್ಡ್ ಕಪ್ ಕ್ವಾಲಿಫೈಯರ್‌ನಲ್ಲಿ ಅವರ ದೇಶಕ್ಕೆ ಇತಿಹಾಸದಲ್ಲೇ ಮೊದಲ ಗೆಲುವು. ಕೋಚ್ ಯಾರು ಹೇಳು? ನಮ್ಮ ಭಾರತದ ಟೀಮಿಗೆ ಕೋಚ್ ಆಗಿದ್ದ ಹಳೇ ಸ್ಟೀಫನ್ ಕಾನ್‌ಸ್ಟಂಟೈನ್! ವಿಡಿಯೋದಲ್ಲಿ ಜನ ಕುಣಿಯುವುದನ್ನು ನೋಡಿ ನನಗೂ ಖುಷಿಯಾಯಿತು. ಯಾರಾದರೂ ಬೈಯಲಿ, ಆಯಿತು.

ಈಗ ಒಂದು ಮಾತು. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ, ಕೈ ಬರೆಯುತ್ತಿದೆ.

ಕಲೀಮುಲ್ಲಾ ಕಥೆ ಓದುತ್ತಾ ಹೋದಾಗ ಅಯ್ಯೋ ಪಾಪ ಅನ್ನಿಸಬೇಕಿತ್ತು ಅಲ್ವಾ? ನನಗೆ ಹೊಟ್ಟೆ ಉರಿಯಿತು. ಲೀಗು ಸರಿಯಿಲ್ಲ, ಫೆಡರೇಷನ್ ಇಲ್ಲ, ಪಾಸ್‌ಪೋರ್ಟ್ ತೋರಿಸಿದ ಕಡೆಯೆಲ್ಲ ಎರಡು ಪ್ರಶ್ನೆ ಜಾಸ್ತಿ. ಆದರೂ ಅವನು ಬೂಟು ಎತ್ತಿಕೊಂಡು ಬಿಷ್ಕೆಕ್‌ಗೆ ಹೋದ. ನಮಗೆ ನಾಲ್ಕು ಬಸ್ ಸ್ಟಾಪ್ ಆಚೆ ಮೈದಾನ ಇತ್ತು. ಟೀಮಿತ್ತು. ನಿನಗಂತೂ ಟ್ರಯಲ್ಸ್‌ಗೆ ಕರೆಯೂ ಬಂದಿತ್ತು. ನೀನು ಹೋಗಲಿಲ್ಲ, ಸೆಮಿಸ್ಟರ್ ಪರೀಕ್ಷೆಗೆ ಓದಿದೆ. ಎಲ್ಲರೂ ಬುದ್ಧಿವಂತ ಹುಡುಗ ಅಂದರು. ನಾನು ನಿನ್ನ ಜೊತೆ ಟೀ ಕುಡಿದು ಸುಮ್ಮನಿದ್ದೆ. ನನಗೆ ಆವತ್ತು ಸಮಾಧಾನವಾಗಿತ್ತು ಕಣೋ. ನೀನು ಆಡಿಬಿಟ್ಟಿದ್ದರೆ, ನಾನೂ ಆಡಬಹುದಿತ್ತಲ್ಲ ಅನ್ನೋದು ನನಗೆ ಜೀವನಪೂರ್ತಿ ಕಾಡುತ್ತಿತ್ತು. ನೀನೂ ಬಿಟ್ಟೆ, ಇಬ್ಬರೂ ಒಂದೇ ಆದೆವು. ನಿನ್ನ ಎಡಗಾಲಿನ ಕ್ರಾಸ್ ನೋಡಿ ಅಪ್ಪ ಒಬ್ಬರೇ ಮೈದಾನದ ಹೊರಗೆ ಎದ್ದು ನಿಲ್ಲುತ್ತಿದ್ದರು. ನನಗೆ ಯಾವತ್ತೂ ಎದ್ದು ನಿಂತದ್ದಿಲ್ಲ. ಅದು ನನಗೆ ಗೊತ್ತಿತ್ತು.

ಸಾಕು. ಇದಕ್ಕೆ ಉತ್ತರ ಬರೆಯಬೇಡ. ಬರೆದರೂ ಇಲ್ಲಿ ಬೇಡ, ಫೋನ್ ಮಾಡು. ನಿನಗೆ ಸಂಜೆ ಆಗಿರುವಾಗ ನನಗೆ ಬೆಳಿಗ್ಗೆ, ವಾಕಿಂಗಿನಲ್ಲಿ ಇರುತ್ತೇನೆ.

ಡಿಸೆಂಬರಿಗೆ ಬರ್ತೀಯಲ್ಲ, ಮಗಳನ್ನೂ ಕರ್ಕೊಂಡು ಬಾ. ಕಂಠೀರವದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಪಂದ್ಯ ಇದ್ದರೆ ವೆಸ್ಟ್ ಬ್ಲಾಕಿನಲ್ಲಿ ಕೂರಿಸೋಣ, ಅಲ್ಲಿ ಕೂಗಾಟ ಹೇಗಿರುತ್ತೆ ಅಂತ ಗೊತ್ತಾಗಲಿ. ಭಾನುವಾರ ಬೆಳಿಗ್ಗೆ ಹಳೇ ಹುಡುಗರೆಲ್ಲ ಈಗಲೂ ಸೇರುತ್ತಾರೆ. ಕುಮಾರ ಇನ್ನೂ ಆಫ್‌ಸೈಡ್ ಒಪ್ಪಲ್ಲ. ಗೋಲಿಗೆ ಯಾರು ನಿಲ್ಲೋದು ಅಂತ ಜಗಳ ಈಗಲೇ ಶುರುವಾಗಿದೆ, ನಿನ್ನ ಹೆಸರು ಹಾಕಿದ್ದೇವೆ.

ನಿನ್ನ,
ರವಿ